ಧೂಳ ಹೊಡಿಯೋರಿಗೆ ವೈರ್ ಗೊತ್ತಿರಬೇಕು

ಹ್ವಾದ ವಾರ ಸಂಕಷ್ಟಿ ದಿನಾ ಗುಡಿಯೊಳಗ ಬಾಜೂ ಮನಿ ವೈನಿ ಭೆಟ್ಟಿ ಆದ್ರು. "ಅಲ್ರೀ, ನಿಮ್ಮ ಅತ್ತಿಯವರಿಗೆ ಕಿವಿ ಮಷೀನ್ ಎಲ್ಲೆ ಮಾಡಿಸಿದ್ರಿ? ಈಗ ಸೀರಿಯಲ್ ಕಥಿ ಒಂದೂ ಬಿಡಲಾರದ ಹೇಳ್ತಾರ. ನಮ್ಮ ಅವ್ವಗೂ ಅದ ಮಷೀನ್ ಬೇಕಾಗಿತ್ತು" ಅಂದ್ರು. ನಾ ಏನ್ ಹೇಳ್ಲಿ? "ಮಷೀನ್ ಅಲ್ರೀ ವೈನಿ, ಒಂದು ವೈರ್ ಕಳಚಿತ್ತು, ಅದನ್ನ ಒಳಗ ತುರುಕಿದೆ ಅಷ್ಟ" ಅಂದೆ. ಅವರು ನನ್ನ ಮುಖಾ ನೋಡಿದ್ರು. ಪ್ರದಕ್ಷಿಣಿ ಹಾಕ್ಕೋತ ಹೇಳಿ ಮುಗಿಸೋ ಸುದ್ದಿ ಅಲ್ಲ ಇದು, ಅದಕ್ಕ ಇಲ್ಲೆ ಬರೀಲಿಕ್ಕೆ ಕೂತೇನಿ.

ಮೊದಲ ನನ್ನ ಮಾತು ಹೇಳಿಬಿಡ್ತೇನಿ, ಆಮ್ಯಾಲೆ ಬೇಕಾದ್ರ ಜಗಳಾ ತಗೀರಿ. ಮನ್ಯಾಗ ಹೋಮ್ ಥಿಯೇಟರ್ ಅಂತ ಒಂದು ಬಂತಂದ್ರ ಅದು ಗಂಡಸರ ಸಾಮಾನು ಆಗಿಬಿಡ್ತದ. ತರೋರು ಅವರು, ಜೋಡಸೋರು ಅವರು, ಎಷ್ಟು ದೊಡ್ಡ ದನಿ ಇಡಬೇಕು ಅನ್ನೋದೂ ಅವರು. ಆದ್ರ ಅದರ ಹಿಂದ ಕೈ ಹಾಕಿ ಧೂಳ ಹೊಡಿಯೋರು ಯಾರು? ಜ್ವಾಳದ ಹಿಟ್ಟಿನ ಡಬ್ಬಿ ಎಲ್ಲೆ ಅದ ಅಂತ ನಮಗ ಹೆಂಗ ಗೊತ್ತೋ, ಯಾವ ವೈರ್ ಎಲ್ಲೆ ಹೋಗ್ಯದ ಅನ್ನೋದೂ ಹಂಗ ಗೊತ್ತಿರಬೇಕು. ಗೊತ್ತಿಲ್ಲದ್ದಕ್ಕ ನಮ್ಮ ಮನ್ಯಾಗ ನಾಲ್ಕ ತಿಂಗಳ ಏನಾತು ಅಂತ ಕೇಳ್ರಿ.

ನಮ್ಮ ಸೆಟ್ ಹಳೇದು, 2012ರಾಗ ನಮ್ಮ ಮನಿಯವರು ತಂದಿದ್ದು. ನಡುವ ಒಂದು ಕರೀ ಡಬ್ಬಿ, ಅದಕ್ಕ ರಿಸೀವರ್ ಅಂತಾರ. ಐದು ಸಣ್ಣ ಸ್ಪೀಕರ್, ಮತ್ತ ಮೂಲಿಯೊಳಗ ಧಬಧಬ ಅನ್ನೋ ದೊಡ್ಡದೊಂದು, ಸಬ್‌ವೂಫರ್. ಐದರಾಗ ಎರಡು ಟಿವ್ಹಿ ಎಡಕ್ಕ ಬಲಕ್ಕ, ಎರಡು ನಾವು ಕೂಡೋ ಜಾಗಾದ ಆಜೂಬಾಜೂ ಸ್ವಲ್ಪ ಹಿಂದ, ಒಂದು ಟಿವ್ಹಿ ಕೆಳಗ ನಟ್ಟ ನಡುವ. ಈ ನಡುವಿಂದಕ್ಕ ಸೆಂಟರ್ ಅಂತಾರ. ನೋಡ್ಲಿಕ್ಕೆ ಅಡ್ಡ ಮಲಗಿಸಿದ ಇಟ್ಟಂಗಿಯಂಗ ಇರ್ತದ, ಯಾರೂ ಅದಕ್ಕ ಮರ್ಯಾದಿ ಕೊಡಂಗಿಲ್ಲ. ಖರೆ ಅಂದ್ರ ಸಿನೇಮಾದಾಗ ಮಂದಿ ಆಡೋ ಮಾತು ಹೆಚ್ಚು ಕಡಿಮಿ ಎಲ್ಲಾ ಬರೋದು ಅದರೊಳಗಿಂದನ. ಹಾಡು, ಮಳಿ, ಗಾಡಿ ಸಪ್ಪಳ ಎಲ್ಲಾ ಉಳಿದವುಗಳಿಂದ. ಸೀರಿಯಲ್ಲಿನ ದನಿ ಬರೇ ಎರಡು ಪಾಲಿನದು ಇದ್ರೂ, ರಿಸೀವರ್‌ನ್ಯಾಗ ಪ್ರೊ ಲಾಜಿಕ್ ಅಂತ ಒಂದು ಯುಕ್ತಿ ಅದ. ಎರಡೂ ಕಡೆ ಸರಿಸಮ ಇರೋ ದನಿ, ಅಂದ್ರ ಮಾತು, ಅದನ್ನ ಆರಿಸಿ ತಗದು ಸೆಂಟರಿಗೆ ಕಳಸ್ತದ. ಅಕ್ಕಿಯೊಳಗಿನ ಹಳ್ಳಾ ಆರಿಸಿಧಂಗ.

ಈಗ ದೀಪಾವಳಿ ಮುಂದಿನ ಸ್ವಚ್ಛತಾ ನೆನಸಿಕೊಳ್ರಿ. ಕಪಾಟು ಮುಂದ ಎಳದೆ, ಹಿಂದ ಜಾಡಿ ತಗದೆ, ಕಸಬರಗಿ ಆಡಸಿದೆ, ಹಸೀ ಅರಬಿಲೆ ಒರಿಸಿ ತಿರಗಿ ದೂಡಿದೆ. ಸಣ್ಣ ಸ್ಪೀಕರಿಗೆ ಹಿಂದ ಕೆಂಪು ಒಂದು, ಕರೀದೊಂದು ಸ್ಪ್ರಿಂಗಿನ ಚಿಮಟಿಗಿ ಇರ್ತಾವ, ಅದರಾಗ ತಾಮ್ರದ ಎಳಿ ಸಿಗಿಸಿರ್ತಾರ. ಸೆಂಟರಿನ ಕೆಂಪು ಎಳಿ ಜಾರಿ ಹೊರಗ ಬಂದದ, ನನಗ ಕಂಡಿಲ್ಲ. ಟಿವ್ಹಿ ಹಚ್ಚಿದ್ವಿ, ಚಿತ್ರ ಬಂತು, ಸಪ್ಪಳನೂ ಬಂತು. ಎಲ್ಲಾ ಸುರಳೀತ ಅದ ಅಂದ್ಕೊಂಡ್ವಿ.

ಮಜಾ ಅಂದ್ರ ದನಿ ಪೂರ್ತಿ ಬಂದ್ ಆಗಿದ್ದಿಲ್ಲ. ಸೆಂಟರ್ ಸತ್ತದ ಅಂತ ರಿಸೀವರಿಗೆ ಗೊತ್ತ ಆಗೂದಿಲ್ಲ, ಅದು ಪಾಪ ಮಾತು ಆರಿಸಿ ಆರಿಸಿ ಕಡದ ವೈರಿಗೆ ಕಳಸ್ತಿತ್ತು. ಉಳಿದ ಸ್ಪೀಕರಿನ್ಯಾಗ ಒಂಚೂರು ಸೋರಿ ಬಂದಿದ್ದು ಅಷ್ಟ ನಮಗ ಕೇಳಸ್ತಿತ್ತು, ಬಾಂವ್ಯಾಗ ನಿಂತು ಮಾತಾಡಿಧಂಗ. ಹಾಡು ಬಂದ್ರ ಕಿವಿ ಹರಿಯೋಹಂಗ. ಕ್ರಿಕೆಟ್ ನೋಡುವಾಗ ಮಂದಿ ಗದ್ದಲ ಜೋರು, ಕಾಮೆಂಟರಿ ಸಣ್ಣ. ನಮ್ಮ ಮನಿಯವರು ಅದಕ್ಕ "ಸ್ಟೇಡಿಯಂ ಎಫೆಕ್ಟ್ ನೋಡು" ಅಂತ ಖುಷಿ ಪಡತಿದ್ರು! ಮಗಾ ಪುಣೇದಿಂದ ಬಂದ್ರ ಇಂಗ್ಲಿಷ್ ಸಿನೇಮಾ, ಕೆಳಗ ಅಕ್ಷರ ಬರ್ತಾವ, ಅವಗ ಏನೂ ಅನಿಸಲಿಲ್ಲ. ನಾ ಅಂತೂ ಅಡಿಗಿ ಮನಿ ಬಾಗಲದಾಗ ನಿಂತು ಅರ್ಧ ನೋಡೋಕಿ, ಅರ್ಧ ಊಹಾ ಮಾಡ್ಕೊಳ್ಳೋಕಿ.

ಉಳದವರು ಅತ್ತಿಯವರು. ವಯಸ್ಸು ಎಪ್ಪತ್ತೆಂಟು. ಆ ದೀಪಾವಳಿಗೆ ಅವರಿಗೆ ನೆಗಡಿ ಬ್ಯಾರೆ ಆಗಿತ್ತು. "ಏನಂದ್ಳು ಆಕಿ? ಏನಂದ್ಳು?" ಅಂತ ಕೇಳಲಿಕ್ಕೆ ಶುರು ಮಾಡಿದ್ರು. ನೆಗಡಿ ಹೋತು, ಕೇಳೋದು ಹೋಗಲಿಲ್ಲ. ಕಿವಿ ಡಾಕ್ಟರ್ ಕಡೆ ಕರ್ಕೊಂಡು ಹ್ವಾದ್ವಿ. ಅವರು ಹೆಡ್‌ಫೋನ್ ಹಾಕಿ ಪರೀಕ್ಷಾ ಮಾಡಿ, "ವಯಸ್ಸಿಗೆ ತಕ್ಕಷ್ಟು ಕಡಿಮಿ ಆಗ್ಯದ, ಮಷೀನ್ ಬೇಕಾದ್ರ ಹಾಕ್ಕೋಬಹುದು, ಅವಸರ ಏನಿಲ್ಲ" ಅಂದ್ರು. ಅವರ ಮಾತು ತಪ್ಪಲ್ಲ. ವಯಸ್ಸಾದಂಗ ಕಿವಿ ಮೊದಲ ಕಳಕೊಳ್ಳೋದು ತೆಳ್ಳನ ಮ್ಯಾಲಿನ ಸ್ವರಾನ, ಸ, ಶ, ತ, ಫ ಇಂಥಾ ಅಕ್ಷರ. ದನಿ ಕೇಳಸ್ತದ, ಮಾತು ತಿಳಿಯೂದಿಲ್ಲ. ಹಂಗಿದ್ದವರಿಗೆ ಮಾತು ಬಾಂವ್ಯಾಗಿಂದ ಬಂದ್ರ ಮುಗದ ಹೋತು.

ಆದ್ರ ನಾವು ಏನು ಮಾಡಿದ್ವಿ? ಅರ್ಧಾ ಕೇಳಿ "ಕಿವಿ ಹೋಗ್ಯಾವ" ಅಂತ ತೀರ್ಮಾನ ಮಾಡಿದ್ವಿ. ಅವತ್ತಿನಿಂದ ಅವರ ಜೋಡಿ ಒದರಿ ಮಾತಾಡೋದು. ಒದರೋದು ಬ್ಯಾಸರ ಆತಂದ್ರ ಮಾತ ಆಡಲಾರದ ಇರೋದು. ಯಾರಾದ್ರೂ ಬಂದ್ರ ಅವರ ಎದುರಿಗೇ "ಅವರಿಗೆ ಕೇಳಸೂದಿಲ್ಲ ಬಿಡ್ರಿ" ಅಂತ ಅನ್ನೋದು. ಅದು ಮಾತ್ರ ಅವರಿಗೆ ಸಾಫ್ ಕೇಳಸ್ತಿತ್ತು. ಸೀರಿಯಲ್ಲಿಗೆ ಬಂದು ಕೂಡೋದು ಬಿಟ್ರು. ಎಂಟಕ್ಕ ಊಟಾ ಮಾಡಿ ಖೋಲಿಗೆ ಹೋಗಿ ಜಪಮಾಲಿ ಹಿಡೀತಿದ್ರು. ನಾವು "ವಯಸ್ಸಾತು, ವೈರಾಗ್ಯ ಬಂದದ" ಅಂದ್ವಿ. ನಾಚಿಕಿ ಆಗ್ತದ ಈಗ ಬರೀಲಿಕ್ಕೆ.

ಫೆಬ್ರುವರಿದಾಗ ಒಂದಿನ ನಮ್ಮ ಮನಿಯವರು ಬೆಳಗಾವಿಗೆ ಹೋಗಿದ್ರು. ರಿಸೀವರಿನ ರಿಮೋಟ್ ನನಗ ಸಿಗಲಿಲ್ಲ. ನಮ್ಮ ರಿಸೀವರ್ ಮಲಕೊಂಡಿದ್ರೂ ಸೆಟ್‌ಟಾಪ್ ಬಾಕ್ಸಿನ ಚಿತ್ರ, ದನಿ ಎರಡೂ ಟಿವ್ಹಿಗೆ ದಾಟಿಸಿ ಕೊಡ್ತದ, ಹಿಂಗಾಗಿ ಟಿವ್ಹಿ ತನ್ನ ಸಣ್ಣ ಸ್ಪೀಕರಿನಿಂದನ ಮಾತಾಡ್ತು. ನಾ ಒಳಗ ಚಪಾತಿ ಲಟ್ಟಸ್ತಿದ್ದೆ. ಪಡಸಾಲಿಯಿಂದ ಅತ್ತಿಯವರ ದನಿ ಬಂತು, "ಸುಳ್ಳ ಹೇಳ್ತಾಳ ನೋಡ ಈಕಿ! ನಿನ್ನೆ ತಾನ ಒಯ್ದಿಟ್ಟಾಳ!" ಅಂತ. ಲಟ್ಟಣಗಿ ಹಂಗ ಕೈಯಾಗ ಹಿಡಕೊಂಡ ಹೊರಗ ಬಂದೆ. ನೀರು ಕುಡೀಲಿಕ್ಕೆ ಬಂದವರು ತೂಗುಮಂಚದ ಮ್ಯಾಲೆ ಕೂತು ಟಿವ್ಹಿ ಜೋಡಿ ಜಗಳಾ ಆಡ್ಲಿಕ್ಕೆ ಹತ್ತಿದ್ರು. ನಾಲ್ಕ ತಿಂಗಳ ಮ್ಯಾಲೆ.

ಅಂದ್ರ ಕಿವಿ ಕೇಳಸ್ತಾವ. ಹಂಗಾದ್ರ ಕೇಳಲಾರದ್ದು ಯಾವುದು?

ಮರುದಿನ ಮಧ್ಯಾಹ್ನ ರಿಸೀವರ್ ಹಚ್ಚಿ ಒಂದೊಂದ ಸ್ಪೀಕರಿಗೆ ಕಿವಿ ಹಚ್ಚಿದೆ, ಡಾಕ್ಟರ್ ಎದಿಗೆ ನಳಿ ಹಚ್ಚಿಧಂಗ. ನಡುವಿಂದು ಗಪ್. ಪುಸ್ತಕ ಹುಡುಕಿ ತಗದೆ (ಗ್ಯಾರಂಟಿ ಕಾರ್ಡು, ಮಿಕ್ಸರ್ ಬಿಲ್ಲು ಇಡೋ ಅದ ಚೀಲದಾಗ ಇತ್ತು). ಅದರಾಗ ಟೆಸ್ಟ್ ಟೋನ್ ಅಂತ ಒಂದು ಅದ. ಒತ್ತಿದ್ರ ಕುಕ್ಕರಿನ ಉಗಿಯಂಗ ಶ್ಶ್ ಅನ್ನೋ ದನಿ ಒಂದಾದ ಮ್ಯಾಲೊಂದು ಸ್ಪೀಕರಿನ್ಯಾಗ ತಿರಗಿ ಬರ್ತದ. ಎಡಕ್ಕ ಶ್ಶ್, ಆಮ್ಯಾಲೆ ನಡುವ ಏನೂ ಇಲ್ಲ, ಆಮ್ಯಾಲೆ ಬಲಕ್ಕ ಶ್ಶ್. ಎಲ್ಲಾ ಬಂದ್ ಮಾಡಿ, ಗೋಡಿಯೊಳಗಿನ ಪ್ಲಗ್ಗೂ ತಗದು, ಕಪಾಟು ಎಳದೆ. ಕೆಂಪು ಎಳಿ ನೆಲದ ಮ್ಯಾಲೆ ಬಿದ್ದಿತ್ತು, ಅದಕ್ಕ ನನ್ನ ಕಸಬರಗಿ ಕಡ್ಡಿ ಒಂದು ಸಿಕ್ಕೊಂಡಿತ್ತು. ಸಾಕ್ಷಿ ಬ್ಯಾರೆ ಬೇಕಾ?

ಎಳಿ ಹೊಸದಾಗಿ ಹೊಸದು, ಅಂದ್ರ ಬೆರಳಲೆ ತಿರುವಿ ಗಟ್ಟಿ ಮಾಡಿ, ಸಿಗಿಸಿದೆ. ಇಲ್ಲೆ ಎರಡು ಮಾತು ನೆನಪಿಡ್ರಿ. ಒಂದು, ಒಂದ ಕೂದಲಿನಷ್ಟು ತಾಮ್ರ ಹೊರಗ ಉಳದು ಬಾಜೂ ವೈರಿಗೆ ತಾಕಿದ್ರೂ ರಿಸೀವರ್ ತನ್ನ ಜೀವಾ ಉಳಿಸಿಕೊಳ್ಳಲಿಕ್ಕೆ ತಾನ ಬಂದ್ ಆಗ್ತದ. ಇನ್ನೊಂದು, ರಿಸೀವರಿನ ಕೆಂಪಿನಿಂದ ಬಂದಿದ್ದು ಸ್ಪೀಕರಿನ ಕೆಂಪಿಗೇ ಹೋಗಬೇಕು. ಅದಲು ಬದಲು ಆದ್ರ ಶಾಕ್ ಹೊಡಿಯೂದಿಲ್ಲ, ಸ್ಪೀಕರೂ ಸುಡೂದಿಲ್ಲ. ಆದ್ರ ಒಂದು ಸ್ಪೀಕರ್ ಗಾಳಿ ಮುಂದ ದೂಡುವಾಗ ಇನ್ನೊಂದು ಹಿಂದ ಎಳೀತದ, ದನಿ ತೆಳ್ಳಗಾಗಿ ಎಲ್ಲಿಂದ ಬರ್ತದೋ ತಿಳಿಯೂದಿಲ್ಲ. ನಮ್ಮ ಮನ್ಯಾಗ ಎಡಗಡೆಯ ಹಿಂದಿಂದು ಹನ್ನೆರಡು ವರ್ಷದಿಂದ ಉಲ್ಟಾ ಇತ್ತು. ಅದು ನನ್ನ ಕಸಬರಗಿ ಮಾಡಿದ್ದಲ್ಲ, ಅದನ್ನ ನಾ ಒತ್ತಿ ಹೇಳ್ತೇನಿ.

ಸಂಜಿಗೆ ನಮ್ಮ ಮನಿಯವರಿಗೆ ಹೇಳಿದೆ. ಮೊದಲ ಬಂದ ಮಾತು, "ನೀ ಯಾಕ ಮುಟ್ಟಲಿಕ್ಕೆ ಹ್ವಾದಿ, ನಾಜೂಕ ಸಾಮಾನದು." ನಾ ಅಂದೆ, "ಹನ್ನೆರಡು ವರ್ಷದಿಂದ ಮುಟ್ಟೇನಿ, ಕಣ್ಣು ಮುಚ್ಚಿ ಮುಟ್ಟೇನಿ. ಈಗ ಕಣ್ಣು ತಗದು ಮುಟ್ಟಿದೆ." ಅವರು ಕೆಟ್ಟವರಲ್ಲ ಮತ್ತ. ಸ್ವಲ್ಪ ಹೊತ್ತು ಸುಮ್ಮನ ಕೂತು, ಆಮ್ಯಾಲೆ ಪುಸ್ತಕ ತಗೊಂಡ ನನ್ನ ಬಾಜೂ ಕೂತ್ರು.

ಆವಾಗ ಇನ್ನೊಂದು ಹೊರಗ ಬಿತ್ತು. ಸೆಟ್ ತಂದಾಗ ಒಂದು ಸಣ್ಣ ಮೈಕ್ ಕೊಟ್ಟಿದ್ರು. ಅದನ್ನ ಕೂಡೋ ಜಾಗಾದಾಗ ಕಿವಿ ಎತ್ತರಕ್ಕ ಇಟ್ರ ರಿಸೀವರ್ ಸಪ್ಪಳ ಮಾಡಿ, ಯಾವ ಸ್ಪೀಕರ್ ಎಷ್ಟು ದೂರ ಅದ ಅಂತ ತಾನ ಅಳೀತದ. ದನಿ ಒಂದು ಫೂಟ್ ಬರ್ಲಿಕ್ಕೆ ಹೆಚ್ಚು ಕಡಿಮಿ ಒಂದು ಮಿಲಿಸೆಕೆಂಡ್ ಬೇಕಂತ. ಹತ್ತರ ಇರೋದನ್ನ ತಡಾ ಮಾಡಿ, ದೂರ ಇರೋದನ್ನ ಜೋರು ಮಾಡಿ, ಎಲ್ಲಾ ಕೂಡೇ ಕಿವಿಗೆ ಮುಟ್ಟೋಹಂಗ ಹೊಂದಿಸ್ತದ. ಛಲೋ ಯುಕ್ತಿ. ಆದ್ರ 2012ರಾಗ ಮೈಕ್ ಇಟ್ಟಿದ್ದು ಎಲ್ಲೆ? ನಮ್ಮ ಮನಿಯವರ ಖುರ್ಚಿ ಮ್ಯಾಲೆ! ಅತ್ತಿಯವರ ತೂಗುಮಂಚ ಗೋಡಿ ಕಡೆ, ಹಿಂದಿನ ಸ್ಪೀಕರ್ ಅವರ ತಲಿ ಮ್ಯಾಲೇ ಅದ. ಹಿಂಗಾಗಿ ಅವರಿಗೆ ಕಥಿಕಿಂತ ಮೊದಲ ಮಳಿ ಸಪ್ಪಳ, ಕುದರಿ ಸಪ್ಪಳ. ಇಡೀ ಮನಿ ದನಿ ಒಂದು ಖುರ್ಚಿಗೆ ಹೊಲಿಸಿದ ಅಂಗಿ ಆಗಿತ್ತು. ನಾಲ್ಕು ಮಂದಿ ಇರೋ ಮನಿಗೆ ಇದು ನ್ಯಾಯ ಅಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಭಾಳಷ್ಟು ರಿಸೀವರಿನ್ಯಾಗ ಮೈಕ್ ನಾಲ್ಕಾರು ಕಡೆ ಇಟ್ಟು ಅಳಿಯೋ ಸೌಕರ್ಯ ಇರ್ತದ, ಆದ್ರ ಮೊದಲ ಇಟ್ಟ ಜಾಗಾನ ಮುಖ್ಯ. ಈ ಸಲ ಮೊದಲ ತೂಗುಮಂಚದ ಮ್ಯಾಲೆ ಇಟ್ವಿ, ಅಲ್ಲಾಡಬಾರದು ಅಂತ ಸರಪಳಿಗೆ ಸೀರಿ ಕಟ್ಟಿ. ಆಮ್ಯಾಲೆ ಖುರ್ಚಿ, ಆಮ್ಯಾಲೆ ದಿವಾನ. ಅದು ಮುಗಿದ ಮ್ಯಾಲೆ ಕೈಯಿಂದನ ಸೆಂಟರ್ ಮೂರು ಡೆಸಿಬಲ್ ಏರಿಸಿದೆ, ತಲಿ ಮ್ಯಾಲಿಂದು ಎರಡು ಇಳಿಸಿದೆ. ನಮ್ಮ ಮನಿಯವರು "ಮಷೀನು ಅಳದಿದ್ದನ್ನ ನೀ ಯಾಕ ಬದಲ ಮಾಡ್ತಿ" ಅಂದ್ರು. ಮಷೀನಿಗೆ ಅತ್ತಿ ಇಲ್ಲ, ನನಗ ಇದ್ದಾರ.

ಆ ಆವಾಜಿನ ಅಂಕಿ ನೋಡಿ ಹೆದರಬ್ಯಾಡ್ರಿ. ಮೈನಸ್ 25, ಮೈನಸ್ 18 ಅಂತ ಬರ್ತದ. ಸೊನ್ನಿ ಅಂದ್ರ ಟಾಕೀಜಿನಷ್ಟು ಜೋರು ಅಂತ ಲೆಕ್ಕ, ನಾವು ಅದಕ್ಕಿಂತ ಎಷ್ಟು ಕೆಳಗ ಇದ್ದೇವಿ ಅನ್ನೋದನ್ನ ತೋರಸ್ತದ ಅಷ್ಟ. ರಾತ್ರಿ ಹತ್ತರ ಮ್ಯಾಲೆ ನೈಟ್ ಮೋಡ್ ಹಾಕ್ರಿ. ಜೋರಿಂದು ಸಣ್ಣ ಆಗ್ತದ, ಸಣ್ಣದು ಜೋರ ಆಗ್ತದ. ಕೆಳಗಿನ ಮನಿ ಕೂಸಿನ ನಿದ್ದಿನೂ ಉಳೀತದ, ನಮ್ಮ ಮಾತಿಗೂ ಅನುಕೂಲ.

ಇನ್ನ ಚಿತ್ರದ ವೈರು. ಇದರಾಗ ಗೊಂದಲ ಭಾಳ ಅಂತ ಎಲ್ಲಾರೂ ಅಂತಾರ, ಅಂಥಾದ್ದೇನಿಲ್ಲ. ಚಪ್ಪಟಿ ಬಾಯಿದು ಎಚ್‌ಡಿಎಂಐ, ಅದರಾಗ ಚಿತ್ರ, ದನಿ ಎರಡೂ ಕೂಡೇ ಹೋಗ್ತಾವ. ಎಲ್ಲಾ ಡಬ್ಬಿ ರಿಸೀವರಿನ ಇನ್ ಅಂತ ಬರದಲ್ಲೆ ಬರಬೇಕು, ಔಟ್ ಅಂತ ಬರದದ್ದೊಂದರಿಂದ ಒಂದ ವೈರ್ ಟಿವ್ಹಿಗೆ ಹೋಗಬೇಕು. ಮನಿ ಮಂದಿ ಎಲ್ಲಾ ತಲಬಾಗಲದಿಂದನ ಓಣಿಗೆ ಹೋಗಿಧಂಗ. ಟಿವ್ಹಿ ಹಿಂದ ಮೂರ್ನಾಕು ತೂತು ಇದ್ರೂ ಎಆರ್‌ಸಿ ಅಂತ ಬರದದ್ದಕ್ಕೇ ಹಾಕ್ರಿ. ಇದು 2009ರಾಗ ಎಚ್‌ಡಿಎಂಐ 1.4 ಜೋಡಿ ಬಂದದ್ದು, ಅದ ವೈರಿನ್ಯಾಗ ಟಿವ್ಹಿಯ ದನಿ ತಿರಗಿ ರಿಸೀವರಿಗೆ ಬರ್ತದ. ಎರಡೂ ಕಡೆ ಎಆರ್‌ಸಿ ತೂತ ಆಗಬೇಕು, ಎರಡರ ಸೆಟಿಂಗಿನ್ಯಾಗೂ ಅದನ್ನ ಚಾಲೂ ಮಾಡಬೇಕು.

ಇದು ಯಾಕ ಬೇಕು ಅಂದ್ರ, ಮಗಾ ತಂದ 4ಕೆ ಸ್ಟಿಕ್ಕಿಗಾಗಿ. ರಿಸೀವರ್ ಹಳೇದು, ಟಿವ್ಹಿ ಹೊಸಾದು. ಹಳೇ ರಿಸೀವರಿಗೆ 4ಕೆ ಕೀಲಿ ತಗೀಲಿಕ್ಕೆ ಬರೂದಿಲ್ಲ, ಅದರ ಮೂಲಕ ಹಾಯಿಸಿದ್ರ ಚಿತ್ರ ಮಬ್ಬು, ಇಲ್ಲಾ ಬರೇ ಕರೀ ಪರದೆ. ಅಂಗಡಿಯವರು ಹೊಸಾ ರಿಸೀವರ್ ತಗೊಳ್ರಿ ಅಂತಾರ. ತಗೋಬ್ಯಾಡ್ರಿ. ಸ್ಟಿಕ್ ನೇರ ಟಿವ್ಹಿಗೆ ಸಿಗಿಸಿದ್ರ ಚಿತ್ರ ಅಲ್ಲೇ ಪೂರ್ತಿ ಬರ್ತದ, ದನಿ ಎಆರ್‌ಸಿ ಓಣಿಯಿಂದ ರಿಸೀವರಿಗೆ ಬರ್ತದ. ಒಮ್ಮೊಮ್ಮೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗ್ತದ. ಟಿವ್ಹಿಗೆ ಚಿತ್ರ ತಿದ್ದಲಿಕ್ಕೆ ಸ್ವಲ್ಪ ಹೊತ್ತು ಬೇಕು, ಮಾತು ಮೊದಲ ಬಂದು ನಿಂತಿರ್ತದ. ರಿಸೀವರಿನ್ಯಾಗ ಲಿಪ್ ಸಿಂಕ್ ಅಂತ ಇರೋದನ್ನ ಹತ್ತ ಹತ್ತ ಏರಿಸಿಕೋತ ಹೋಗಿ, ತುಟಿ ನೋಡಿ ನಿಂದರಸ್ರಿ.

ನಮ್ಮ ಮನ್ಯಾಗ ಇನ್ನೊಂದು ತಕರಾರಿತ್ತು, ಮಗನ ಮುಂಜಿವಿ ಡಿವಿಡಿ. ಹಳೇ ಪ್ಲೇಯರಿಗೆ ಹಳದಿ, ಕೆಂಪು, ಬಿಳಿ ಮೂರು ವೈರು. ಹಳದಿ ಚಿತ್ರ, ಕೆಂಪು ಬಿಳಿ ದನಿ. ಮೂರೂ ರಿಸೀವರಿಗೆ ಹಾಕಿದ್ರ ಮಂತ್ರ ಕೇಳಸ್ತದ, ವಟು ಕಾಣೂದಿಲ್ಲ! ಡಿವಿಡಿ ಕೆಟ್ಟದ ಅಂತ ಐದು ವರ್ಷದಿಂದ ಟ್ರಂಕಿನ್ಯಾಗ ಇಟ್ಟಿದ್ವಿ. ಕೆಟ್ಟಿದ್ದಿಲ್ಲ. ಹಳದಿಯಿಂದ ಬಂದ ಚಿತ್ರಾನ ಎಚ್‌ಡಿಎಂಐಗೆ ಬದಲ ಮಾಡಿ ಕಳಸೋ ಶಕ್ತಿ ಎಲ್ಲಾ ರಿಸೀವರಿಗೂ ಇರೂದಿಲ್ಲ, ನಮ್ಮದಕ್ಕೂ ಇಲ್ಲ. ಹಳದಿ ನೇರ ಟಿವ್ಹಿಗೆ, ಕೆಂಪು ಬಿಳಿ ರಿಸೀವರಿಗೆ ಹಾಕಿ, ಟಿವ್ಹಿ ರಿಮೋಟಿನಿಂದ ಇನ್‌ಪುಟ್ ಎವಿಗೆ ತಿರಗಿಸಿದೆ. ನಮ್ಮ ಮಾವನವರು ಭಿಕ್ಷಾ ಹಾಕಲಿಕ್ಕೆ ನಿಂತಿದ್ದು ಕಾಣಿಸ್ತು. ಅವರು ಹೋಗಿ ಆರು ವರ್ಷ ಆತು. ಅತ್ತಿಯವರು ಅದನ್ನ ಎರಡು ಸಲ ಹಚ್ಚಸಿದ್ರು, ಮೂರನೇ ಸಲಕ್ಕ ನಾನ ಕೇಳದ ಹಚ್ಚಿದೆ.

ಈಗ ನಮ್ಮ ವೈರಿಗೆಲ್ಲಾ ಎರಡೂ ತುದಿಗೆ ಟಿಕಳಿ ಅಂಟಿಸೇನಿ. ಕೆಂಪು ದೊಡ್ಡದು ಸೆಂಟರಿಗೆ, ಹಸರು ಎಡಕ್ಕ, ನೀಲಿ ಬಲಕ್ಕ, ಕಲ್ಲಿಂದು ಸೆಟ್‌ಟಾಪ್ ಬಾಕ್ಸಿಗೆ. ಮ್ಯಾಲೆ ಪಾರದರ್ಶಕ ಟೇಪ್ ಸುತ್ತಿದ್ರ ಉದುರೂದಿಲ್ಲ. ಎಳದು ಇಡುವಾಗ ಜಗ್ಗಬಾರದು ಅಂತ ಹಿಂದ ಒಂದು ಗೇಣು ವೈರ್ ಸಡಲ ಬಿಟ್ಟೇನಿ. ಕಪಾಟಿನ ಬಾಗಲದ ಒಳಗ ಒಂದು ಹಾಳಿ ಹಚ್ಚೇನಿ, ಯಾವ ಡಬ್ಬಿ ಯಾವ ತೂತು ಅಂತ, ಗ್ಯಾಸ್ ಬುಕ್ ಮಾಡಿದ ತಾರೀಖು ಬರೀತೇವಲ್ಲಾ ಹಂಗ.

ನಿಮ್ಮ ಮನ್ಯಾಗ ಹಿರಿಯರು "ಏನಂದ್ರು, ಏನಂದ್ರು" ಅಂತ ಟಿವ್ಹಿ ಮುಂದ ಅಷ್ಟ ಕೇಳ್ತಿದ್ರ, ಡಾಕ್ಟರ್ ಕಡೆ ಕರ್ಕೊಂಡು ಹೋಗೋದು ಬಿಡಬ್ಯಾಡ್ರಿ. ಅದರ ಜೋಡಿ ಒಂದು ಸಂಜಿ ರಿಸೀವರ್ ಬಂದ್ ಮಾಡಿ ಬರೇ ಟಿವ್ಹಿ ದನಿಯಿಂದ ತೋರಿಸಿ ನೋಡ್ರಿ. ಆವಾಗ ಕೇಳಿಸ್ತಂದ್ರ ತಪ್ಪು ಕಿವಿದಲ್ಲ. ಸೆಂಟರ್ ಇಲ್ಲಾ, ಅಥವಾ ಕೆಟ್ಟದ ಅಂದ್ರ, ರಿಸೀವರಿನ ಸ್ಪೀಕರ್ ಸೆಟಿಂಗಿನ್ಯಾಗ ಸೆಂಟರ್ ಮುಂದ "ನನ್" ಅಂತ ಮಾಡ್ರಿ. ಆ ಮಾತು ಎಡಬಲದ ಎರಡರಾಗ ಹಂಚಿ ಬರ್ತದ. ಒಂದು ರೂಪಾಯಿ ಖರ್ಚಿಲ್ಲ.

ಕಸಬರಗಿ ಸುದ್ದಿ ಅತ್ತಿಯವರಿಗೆ ಹೇಳಬೇಕೋ ಬ್ಯಾಡೋ ಅಂತ ಎರಡು ದಿನಾ ವಿಚಾರ ಮಾಡಿದೆ. ಹೇಳಿದೆ. "ಅತ್ಯಾ, ನನ್ನ ಕೈಯಿಂದನ ಆಗಿದ್ದು" ಅಂದೆ. ಅವರು ಸಿಟ್ಟಿಗೇಳಲಿಲ್ಲ. ಬತ್ತಿ ಹೊಸಕೋತ ಕೂತಿದ್ರು, ಕೈ ನಿಂದರಿಸಿ ಅಂದ್ರು, "ನಾ ನಾಲ್ಕ ತಿಂಗಳ ಎಲ್ಲಾರ ಮಾತಿಗೂ ಹೂಂ ಹೂಂ ಅಂದೇನವಾ. ತಿರಗಿ ಕೇಳಿದ್ರ ಕಿವಿ ಹೋಗ್ಯಾವ ಅಂತೀರಿ ಅಂತ." ಟಿವ್ಹಿ ಅಲ್ಲ, ನಮ್ಮ ಮಾತಿಗೂ ಹೆದರಿ ಸುಮ್ಮನ ಆಗಿದ್ರು ಅವರು.

ಮಷೀನಿಗೂ ಈಗ ತಾವ ತಯಾರಾಗ್ಯಾರ, ಬರೋ ತಿಂಗಳ ಹೋಗೋದದ. ಅಲ್ಲಿ ತನಕ ದಿನಾ ಸಂಜಿ ಏಳೂವರಿಗೆ ತೂಗುಮಂಚಕ್ಕ ಹಾಜರ್. ನಿನ್ನೆ ಸೀರಿಯಲ್ ನಡದಾಗ ನನ್ನ ಕರದು, "ಈ ನಡುವಿನ ಸೊಸಿ ದನಿ ಇಷ್ಟು ಕೀರಲ ಅದ ಅಂತ ಗೊತ್ತ ಇದ್ದಿದ್ದಿಲ್ಲ ನೋಡ, ಸ್ವಲ್ಪ ಸಣ್ಣ ಮಾಡು" ಅಂದ್ರು.